ಚಾಕಿ ಮನೆಗೆ ಬೆಚ್ಚನೆಯ ಗಾಳಿ

ಆ ಕೆಲಸಕ್ಕೆ ಕರೆ ಬಂದಾಗ ಮೊದಲು ನಾನು ಆಗುವುದಿಲ್ಲ ಎಂದೇ ಹೇಳಿದ್ದೆ. ಚಾಮರಾಜನಗರದಲ್ಲಿ ಏಸಿ ಕೆಲಸವೆಂದರೆ ಬಟ್ಟೆ ಅಂಗಡಿ, ರಕ್ತ ಪರೀಕ್ಷೆಯ ಲ್ಯಾಬು, ಕಲ್ಯಾಣ ಮಂಟಪದಲ್ಲಿ ಗಂಡಿನ ಕಡೆಯವರಿಗೊಂದು ಕೋಣೆ, ಹೆಣ್ಣಿನ ಕಡೆಯವರಿಗೊಂದು ಕೋಣೆ. ಎಲ್ಲರಿಗೂ ಬೇಕಾದದ್ದು ತಂಪು. ಫೋನಿನಲ್ಲಿದ್ದ ಹೆಂಗಸು ಕೇಳುತ್ತಿದ್ದದ್ದು ಬಿಸಿ. ಅದೂ ಮನುಷ್ಯರಿಗಲ್ಲ, ಆಗತಾನೇ ಮೊಟ್ಟೆ ಒಡೆದು ಬರುವ ರೇಷ್ಮೆ ಹುಳುಗಳಿಗೆ.

ಅವರದು ಚಾಕಿ ಕೇಂದ್ರ. ಗುಂಡ್ಲುಪೇಟೆ ರಸ್ತೆಯಿಂದ ಒಳಗೆ ತಿರುಗಿ ಎರಡು ಮೈಲಿ ಹೋದರೆ ಹಿಪ್ಪುನೇರಳೆ ತೋಟದ ನಡುವೆ ಉದ್ದನೆಯ ಒಂದು ಕಟ್ಟಡ. ಮೊಟ್ಟೆ ಒಡೆಸಿ, ಮರಿಗಳನ್ನು ಮೊದಲ ಎಂಟು ಹತ್ತು ದಿನ ಸಾಕಿ, ಸ್ವಲ್ಪ ಗಟ್ಟಿಯಾದ ಮೇಲೆ ಸುತ್ತಲಿನ ರೈತರಿಗೆ ಕೊಡುತ್ತಾರೆ. ಆ ಎಂಟು ಹತ್ತು ದಿನ ಕೋಣೆಯ ಬಿಸಿ ಇಪ್ಪತ್ತೇಳು ಇಪ್ಪತ್ತೆಂಟು ಡಿಗ್ರಿಯಲ್ಲೇ ಇರಬೇಕು, ಗಾಳಿಯಲ್ಲಿ ಒಳ್ಳೆಯ ತೇವ ಇರಬೇಕು. ನಮ್ಮ ಕಡೆ ಜನವರಿಯ ಬೆಳಗಿನ ಜಾವ ಹದಿಮೂರು ಹದಿನಾಲ್ಕಕ್ಕೆ ಇಳಿಯುತ್ತದೆ. ಆಗ ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು ಮುದುಡಿಕೊಳ್ಳುತ್ತದಂತೆ.

ಒಂದು ಸಲ ನೋಡಿ ಹೋಗಿ ಎಂದು ಅವರು ಬಿಡದೆ ಕೇಳಿದ್ದರಿಂದ ಡಿಸೆಂಬರಿನ ಒಂದು ಮಧ್ಯಾಹ್ನ ನಾನೂ ನನ್ನ ಹೆಂಡತಿಯೂ ಬೈಕಿನಲ್ಲಿ ಹೋದೆವು. ನನ್ನ ಹೆಂಡತಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಓದಿದವಳು. ನಮ್ಮಿಬ್ಬರ ನಡುವೆ ಕೆಲಸ ಹಂಚಿಕೆಯಾಗಿದೆ. ಗ್ಯಾಸು, ಪೈಪು, ಗಾಳಿ ನನ್ನದು. ಕರೆಂಟು ಅವಳದು. ಅವಳು ಮುಟ್ಟಬೇಡಿ ಎಂದ ತಂತಿಯನ್ನು ನಾನು ಮುಟ್ಟುವುದಿಲ್ಲ.

ಕೇಂದ್ರವನ್ನು ನಡೆಸುವವರು ಇಬ್ಬರು ಹೆಂಗಸರು, ಓರಗಿತ್ತಿಯರು. ಫೋನು ಮಾಡಿದ್ದವರು ಹಿರಿಯವರು; ಐವತ್ತರ ಹತ್ತಿರ, ಮಾತು ಗಟ್ಟಿ. ಕಿರಿಯವರು ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದರೇ ಹೊರತು ಮಾತಾಡಲಿಲ್ಲ. ಇಷ್ಟು ವರ್ಷ ಚಳಿಗೆ ಏನು ಮಾಡುತ್ತಿದ್ದಿರಿ ಎಂದು ನಾನು ಕೇಳಿದಾಗ ಹಿರಿಯವರು ಕಿರಿಯವರ ಕಡೆ ಒಮ್ಮೆ ನೋಡಿ ಹೇಳಿದರು:

“ಇದ್ದಿಲು ಕೆಂಡ ಇಟ್ಟು ಬಾಗ್ಲಾಕ್ಕತಿದ್ವಿ ಕಣಣ್ಣ. ಓದೊರ್ಸ ಇವ್ಳು ಒಳಗೆ ಸೊಪ್ಪು ಎಚ್ಕಂಡು ಕುಂತಿದ್ಲು. ನಾನು ತಟ್ಟೆ ತಕ್ಕಂಡು ಓದ್ರೆ ನೆಲದ ಮ್ಯಾಲೆ ಬಿದ್ದವ್ಳೆ. ಎತ್ಕಂಡು ಆಚ್ಗೆ ತಂದು ನೀರು ಚಿಮುಕ್ಸಿದ್ರೂ ಕಣ್ಣು ಬುಡ್ನಿಲ್ಲ. ದೊಡ್ಡಾಸ್ಪತ್ರೆಲಿ ಎರಡು ದಿನ ಆಕ್ಸಿಜನ್ ಕೊಟ್ರು.”

“ಒಗೆ ಇರ್ನಿಲ್ಲ,” ಎಂದರು ಕಿರಿಯವರು. ಅವರು ಅಂದು ಆಡಿದ ಮೊದಲ ಮಾತು ಅದು. “ಕೆಂಡ ಚೆಂದಾಗಿ ಕೆಂಪುಗಿತ್ತು. ವಾಸ್ನೆನೂ ಇರ್ನಿಲ್ಲ.”

ವಾಪಸು ಬರುವಾಗ, ಊರು ಹತ್ತಿರವಾದಂತೆ ಹೆಂಡತಿ, “ಮಾಡನ. ನಮ್ಗೆ ಬರಲ್ಲ ಅಂತ ಏಳ್ಬೇಡಿ, ಕಲ್ತು ಮಾಡನ,” ಎಂದಳು. ನಾನು ಮರುದಿನ ಅವರಿಗೆ ಒಪ್ಪಿಗೆ ಹೇಳಿದೆ.

ನಾವು ಆರಿಸಿದ್ದು ಪ್ಯಾಕೇಜ್ ಹೀಟ್ ಪಂಪ್. ಏಸಿಯು ಕೋಣೆಯೊಳಗಿನ ಬಿಸಿಯನ್ನು ಹೊರಗೆ ಸಾಗಿಸುತ್ತದೆ. ಇದು ಅದೇ ಕೆಲಸವನ್ನು ತಿರುಗಿಸಿಯೂ ಮಾಡಬಲ್ಲದು. ಚಳಿಯಲ್ಲಿ ಹೊರಗಿನ ಗಾಳಿಯಿಂದ ಬಿಸಿಯನ್ನು ಹೀರಿ ಒಳಗೆ ತರುತ್ತದೆ, ಬೇಸಿಗೆಯಲ್ಲಿ ಒಳಗಿನದನ್ನು ಹೊರಗೆ ಹಾಕುತ್ತದೆ. ಕಂಪ್ರೆಸರ್, ಫ್ಯಾನು, ಸುರುಳಿ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿದ್ದು, ಪೆಟ್ಟಿಗೆ ಕಟ್ಟಡದ ಹೊರಗೆ ಕೂರುತ್ತದೆ. ಒಳಗೆ ಹೋಗುವುದು ತಗಡಿನ ಎರಡು ಕೊಳವೆ ಮಾತ್ರ, ನಮ್ಮ ಭಾಷೆಯಲ್ಲಿ ಡಕ್ಟು. ಒಂದು ಬಿಸಿ ಗಾಳಿಯನ್ನು ಒಳಗೆ ತಳ್ಳುತ್ತದೆ. ಇನ್ನೊಂದು ಕೋಣೆಯ ಗಾಳಿಯನ್ನು ಮತ್ತೆ ಯಂತ್ರಕ್ಕೆ ಎಳೆದುಕೊಳ್ಳುತ್ತದೆ. ಬೆಂಕಿ ಇಲ್ಲ, ಕೆಂಡ ಇಲ್ಲ. ಆ ಮನೆಗೆ ಬೇಕಾದದ್ದೇ ಅದು.

ಡಕ್ಟು ಮಾಡಲು ಗುಂಡ್ಲುಪೇಟೆಯ ತಗಡಿನ ಮೇಸ್ತ್ರಿಯನ್ನು ಹಿಡಿದೆ. ಅರವತ್ತು ದಾಟಿದವರು. ತಾಯಿಯ ಕಡೆ ವಯನಾಡಿನವರಾದ್ದರಿಂದ ಏನೇ ಕೆಟ್ಟರೂ ‘ಸಾರಮಿಲ್ಲ’ ಎನ್ನುತ್ತಾರೆ; ಪರವಾಗಿಲ್ಲ ಎಂಬುದಕ್ಕೆ ಮಲಯಾಳದ ಮಾತು. ಅಳತೆ ತೆಗೆಯಲು ಅವರೊಂದಿಗೆ ಇನ್ನೊಮ್ಮೆ ಹೋದೆ. ಯಂತ್ರವನ್ನು ಹಿಂದಿನ ಗೋಡೆಯ ಆಚೆ ಇಡುವುದೆಂದು ನಿಶ್ಚಯವಾಯಿತು. ಗಾಳಿ ಎಳೆಯುವ ಡಕ್ಟಿಗೆ ಎರಡು ದಾರಿಗಳಿದ್ದವು. ಒಂದು, ಪೂರ್ವದ ಗೋಡೆಯಿಂದ ಹೊರಬಿದ್ದು ಮೂಲೆ ಸುತ್ತಿ ಬರುವುದು. ಅದಕ್ಕೆ ಎರಡು ತಿರುವು ಬೇಕು. ಇನ್ನೊಂದು, ಹಿಂದಿನ ಚಾವಡಿಯ ಮಾಡಿನ ಕೆಳಗೆ ನೇರವಾಗಿ ಬರುವುದು. ಪ್ರತಿ ತಿರುವಿನಲ್ಲೂ ಗಾಳಿಯ ಬಲ ಕುಗ್ಗುತ್ತದೆ. ನಾನು ನೇರ ದಾರಿಯನ್ನು ಆರಿಸಿ, ಅದನ್ನು ಮೇಸ್ತ್ರಿಗೆ ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದೆ. ಆ ಚಾವಡಿಯಲ್ಲಿ ತಟ್ಟೆಗಳನ್ನು ಒಟ್ಟಿದ್ದರು, ಒಂದು ಮೂಲೆಯಲ್ಲಿ ತಾಮ್ರದ ಹಂಡೆ ಬೋರಲಾಗಿ ಬಿದ್ದಿತ್ತು. ಅದರ ಪಕ್ಕದ ಒಲೆಯ ಮೇಲೆ ಯಾರೋ ಬಿದಿರಿನ ಮಂಕರಿ ಇಟ್ಟಿದ್ದರು. ನೋಡಿದೆ, ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಜನವರಿಯ ಎರಡನೇ ವಾರ ಕೆಲಸ ಶುರುವಾಯಿತು. ಮೊಟ್ಟೆ ಒಡೆಯಬೇಕಾದದ್ದು ಭಾನುವಾರ ಬೆಳಿಗ್ಗೆ. ನಾವು ಸೋಮವಾರ ಹೋದೆವು. ಆರು ದಿನ ಬೇಕಾದಷ್ಟಾಯಿತು ಎಂದುಕೊಂಡಿದ್ದೆ. ಕಾಂಕ್ರೀಟು ಕಟ್ಟೆಯನ್ನು ಮೊದಲೇ ಹಾಕಿಸಿ ನೀರುಣಿಸಿ ಗಟ್ಟಿ ಮಾಡಿಸಿದ್ದೆವು. ಅದರ ಮೇಲೆ ದಪ್ಪ ರಬ್ಬರು ಬಿಲ್ಲೆ, ರಬ್ಬರಿನ ಮೇಲೆ ಯಂತ್ರ. ಬಿಸಿ ಕೊಡುವಾಗ ಹೊರಗಿನ ಸುರುಳಿ ಬೆವರುತ್ತದೆ, ಚಳಿ ಹೆಚ್ಚಾದರೆ ಮಂಜು ಕಟ್ಟಿ ಕರಗುತ್ತದೆ. ಆ ನೀರು ನಿಲ್ಲದಂತೆ ಕಟ್ಟೆಗೆ ತುಸು ಇಳಿಜಾರು ಕೊಟ್ಟು ಮೋರಿಗೆ ಪೈಪು ಎಳೆದೆ. ಯಂತ್ರಕ್ಕೂ ಡಕ್ಟಿಗೂ ನಡುವೆ ಕ್ಯಾನ್ವಾಸು ಬಟ್ಟೆಯ ಒಂದು ಗೇಣಿನ ಜೋಡಣೆ. ಹಾಗೆ ಮಾಡದಿದ್ದರೆ ಯಂತ್ರದ ನಡುಕ ತಗಡಿಗೆ ಹತ್ತಿ, ತಗಡಿನಿಂದ ಕೋಣೆಗೆ ಇಳಿಯುತ್ತದೆ.

ಒಳಗೆ ಗಾಳಿ ಬಿಡುವುದೇ ಸೂಕ್ಷ್ಮವಾಗಿತ್ತು. ಅಂಗಡಿಗಳಲ್ಲಿ ನಾವು ಜಾಲರಿ ಕೂರಿಸಿ ಗಾಳಿಯನ್ನು ಜನರ ಮುಖಕ್ಕೇ ಬಿಡುತ್ತೇವೆ. ಇಲ್ಲಿ ಹಾಗೆ ಬಿಟ್ಟರೆ ತಟ್ಟೆಯಲ್ಲಿ ಸಣ್ಣಗೆ ಹೆಚ್ಚಿಟ್ಟ ಸೊಪ್ಪು ಅರ್ಧ ಗಂಟೆಯಲ್ಲಿ ಒಣಗಿ ಹೋಗುತ್ತದೆ. ಮೇಸ್ತ್ರಿ ಒಂದು ಉಪಾಯ ಮಾಡಿದರು. ಡಕ್ಟಿನ ಮೇಲ್ಮೈಗೆ ಮಾತ್ರ ಸಾಲಾಗಿ ತೂತು ಹೊಡೆದು, ಗಾಳಿ ಮೊದಲು ಚಾವಣಿಗೆ ತಾಗಿ ಆಮೇಲೆ ನಿಧಾನವಾಗಿ ಕೆಳಗಿಳಿಯುವಂತೆ ಮಾಡಿದರು. ಕತ್ತರಿಸಿದ ತಗಡಿನ ಅಂಚನ್ನೆಲ್ಲ ಮಡಿಸಿ ಬಡಿದರು. ಹೆಂಗಸರು ದಿನಕ್ಕೆ ಹತ್ತು ಸಲ ಕೈಯೆತ್ತಿ ಒರೆಸುವ ಜಾಗ ಅದು. ಬೆಚ್ಚಗಿಡುವ ಹೊದಿಕೆಯನ್ನು ಡಕ್ಟಿಗೆ ಸುತ್ತುವಾಗ ಅಂಟು ಹಚ್ಚುವ ಹಾಗಿರಲಿಲ್ಲ, ಅದರ ಘಾಟು ಹುಳುಗಳಿಗೆ ವಿಷ. ಹೊದಿಕೆಯನ್ನು ಪಟ್ಟಿಯಿಂದ ಬಿಗಿದು ಕಟ್ಟಿದೆವು.

ಬುಧವಾರ ಹೆಂಡತಿ ಕೆಲಸ ನಿಲ್ಲಿಸಿದಳು. ಮೀಟರಿನಿಂದ ಯಂತ್ರಕ್ಕೆ ಬೇರೆಯದೇ ಮೂರು ಫೇಸಿನ ಲೈನು ಎಳೆದಿದ್ದಳು. ಸೋರಿಕೆ ಕರೆಂಟು ಕಂಡರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ ಮಾಡುವ ಸ್ವಿಚ್ಚು, ಒಂದು ಫೇಸು ಹೋದರೆ ಕಂಪ್ರೆಸರನ್ನು ಉಳಿಸುವ ರಿಲೇ, ಯಂತ್ರದ ಪಕ್ಕದಲ್ಲೇ ಕೈಗೆಟಕುವ ಮೇನ್ ಸ್ವಿಚ್ಚು, ಎಲ್ಲವೂ ಕೂತಿದ್ದವು. ಕೊನೆಗೆ ಕಟ್ಟಡದ ಹಳೆಯ ಅರ್ಥಿಂಗನ್ನು ಅಳೆದು ನೋಡಿದರೆ ಮೀಟರು ಅರವತ್ತು ಓಮ್ ತೋರಿಸಿತು. ಐದರೊಳಗೆ ಇರಬೇಕು ಎಂಬುದು ಅವಳ ಲೆಕ್ಕ.

“ಇದ್ರ ಮ್ಯಾಲೆ ನಾನು ಕನೆಕ್ಷನ್ ಕೊಡದಿಲ್ಲ,” ಎಂದು ಕೈಚೀಲ ಕೆಳಗಿಟ್ಟಳು.

“ಇವತ್ತು ಓಡಿಸಿ ನೋಡಿಬಿಡೋಣ, ಅರ್ಥು ನಾಳೆ ಮಾಡಿದರಾಯ್ತು,” ಎಂದೆ ನಾನು.

“ನೀವು ಓಡ್ಸಿ ನೋಡೋದು ಒಣಗಿದ್ ಕೈಲಿ. ಇವ್ರು ಇಡೀ ದಿನ ಒದ್ದೆ ಕೈಲಿ ತಗಡು ಮುಟ್ಟೋರು. ರೂಮೇ ಒದ್ದೆ.”

ಅವಳು ಕಟ್ಟಡವನ್ನು ಒಂದು ಸುತ್ತು ಹಾಕಿ, ತಟ್ಟೆ ತೊಳೆದ ನೀರು ಹರಿದು ಹೋಗುವ ಜಾಗದಲ್ಲಿ ಮಣ್ಣು ಸದಾ ಹಸಿಯಾಗಿರುವುದನ್ನು ಕಂಡು ಅಲ್ಲೇ ಹೊಸ ಗುಂಡಿ ತೋಡಿಸಿದಳು. ತೋಡಿದ್ದು ನಾನೇ. ಎಂಟಡಿ ಆಳಕ್ಕೆ ತಾಮ್ರ ಲೇಪದ ಸರಳು ಇಳಿಸಿ, ಸುತ್ತ ಅದಕ್ಕೆಂದೇ ಸಿಗುವ ಪುಡಿ ತುಂಬಿ, ನೀರು ಹೊಯ್ದು, ಎರಡನೆಯದೂ ಒಂದು ಹಾಗೆಯೇ ಇಳಿಸಿ ಎರಡನ್ನೂ ಜೋಡಿಸಿದ ಮೇಲೆ ಮೀಟರು ಮೂರೂವರೆಗೆ ಬಂತು. ಅದಕ್ಕೆ ಗುರುವಾರ ಪೂರ್ತಿ ಹೋಯಿತು. ಹಿರಿಯವರು ಮಜ್ಜಿಗೆ ತಂದುಕೊಟ್ಟು ಗುಂಡಿಯೊಳಗೆ ಇಣುಕಿ, “ಬಾವಿ ತೋಡ್ಬುಟ್ರಲ್ಲಣ್ಣ,” ಎಂದರು. ಶುಕ್ರವಾರ ಮೇಸ್ತ್ರಿ ಉಳಿದ ಡಕ್ಟನ್ನು ಗೂಡ್ಸ್ ಆಟೋದಲ್ಲಿ ತಂದು ಜೋಡಿಸಿದರು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಯಂತ್ರ ಚಾಲೂ ಆಯಿತು. ಮೊದಲು ಫ್ಯಾನು, ಐದು ನಿಮಿಷದ ಮೇಲೆ ಕಂಪ್ರೆಸರು. ಕೋಣೆ ಹದಿನೇಳರಲ್ಲಿತ್ತು. ಮುಕ್ಕಾಲು ಗಂಟೆಯಲ್ಲಿ ಇಪ್ಪತ್ತೈದಕ್ಕೆ ಬಂತು. ಶಬ್ದ ಎಷ್ಟು ಕಮ್ಮಿಯೆಂದರೆ ಹಿರಿಯವರು ಓಡುತ್ತಿದೆಯೋ ಇಲ್ಲವೋ ಎಂದು ಹೊರಗೆ ಹೋಗಿ ನೋಡಿ ಬಂದರು. ನನಗೆ ಎದೆ ತುಂಬಿತ್ತು. ಕಿರಿಯವರು ಬಾಗಿಲು ದಾಟಿ ಎರಡು ಹೆಜ್ಜೆ ಒಳಗೆ ಬಂದು ನಿಂತರು, ನಿಂತವರು ಹಾಗೇ ಬಿಳಿಚಿಕೊಂಡರು.

“ಒಗೆ ವಾಸ್ನೆ ಬತ್ತಾ ಅದೆ,” ಎಂದರು.

ನಮಗೆ ಯಾರಿಗೂ ಬಂದಿರಲಿಲ್ಲ. ಹೊಸ ತಗಡಿನ ಎಣ್ಣೆ ಸುಟ್ಟ ವಾಸನೆ ಇರಬಹುದು ಎಂದೆ. ಅವರು ತಲೆಯಾಡಿಸಿದರು. ಸೆರಗನ್ನು ಮೂಗಿಗೆ ಒತ್ತಿಕೊಂಡು ಹೊರಗೆ ಹೋಗಿ ತೆಂಗಿನ ಮರದ ಬುಡದಲ್ಲಿ ಕುಳಿತುಬಿಟ್ಟರು. ಹೆಂಡತಿ ಅವರ ಹಿಂದೆಯೇ ಹೋದಳು. ನಾನು ಡಕ್ಟಿನ ದಾರಿ ಹಿಡಿದು ಹಿಂದಿನ ಚಾವಡಿಗೆ ಬಂದೆ. ಅಲ್ಲಿ ಹಂಡೆ ಈಗ ನೆಟ್ಟಗೆ ಕೂತಿತ್ತು. ಕೆಳಗೆ ಸೌದೆ ಉರಿಯುತ್ತಿತ್ತು. ಚಾಕಿ ಕೋಣೆಗೆ ಹೋಗುವವರೆಲ್ಲ ಬಿಸಿನೀರಿನಲ್ಲಿ ಮಿಂದೇ ಹೋಗಬೇಕು, ತಟ್ಟೆಗಳನ್ನೂ ಬಿಸಿನೀರಿನಲ್ಲೇ ತೊಳೆಯಬೇಕು. ಹುಳು ಇರುವ ದಿನಗಳಲ್ಲಿ ಆ ಒಲೆ ಆರುವುದೇ ಇಲ್ಲವಂತೆ. ನಾನು ಅಳತೆಗೆ ಬಂದಿದ್ದು ಹುಳು ಇಲ್ಲದ ದಿನಗಳಲ್ಲಿ.

ಒಲೆಯ ಹೊಗೆ ಮಾಡಿನ ಸಂದಿಯಿಂದ ಹೊರಗೆ ಹೋಗಬೇಕಿತ್ತು. ಅದು ಹೋಗುತ್ತಿರಲಿಲ್ಲ. ತೆಳ್ಳಗೆ, ನೂಲಿನಂತೆ, ನನ್ನ ಡಕ್ಟಿನ ಕಡೆಗೆ ಬಾಗಿತ್ತು.

ಹೆಂಡತಿ ಒಂದು ಊದಿನಕಡ್ಡಿ ಹಚ್ಚಿಕೊಂಡು ಬಂದಳು. ಡಕ್ಟಿನ ಒಂದೊಂದು ಜೋಡಣೆಯ ಬಳಿಯೂ ಹಿಡಿದೆವು. ನಾಲ್ಕನೆಯ ಜೋಡಣೆಯಲ್ಲಿ ಕಡ್ಡಿಯ ಹೊಗೆ ತಟಕ್ಕನೆ ಅಡ್ಡಕ್ಕೆ ತಿರುಗಿ ಒಳಗೆ ನುಗ್ಗಿತು. ಇನ್ನೊಂದರಲ್ಲೂ ಸ್ವಲ್ಪ. ಗಾಳಿ ತಳ್ಳುವ ಡಕ್ಟು ಸೋರಿದರೆ ಬಿಸಿ ಹೊರಗೆ ಹೋಗುತ್ತದೆ, ನಷ್ಟ ಅಷ್ಟೇ. ಗಾಳಿ ಎಳೆಯುವ ಡಕ್ಟು ಸೋರಿದರೆ ಸುತ್ತ ಏನಿದೆಯೋ ಅದನ್ನು ಎಳೆದುಕೊಳ್ಳುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದೂ ಒಲೆಯ ತಲೆಯ ಮೇಲೆ ಅದನ್ನು ಹಾಯಿಸಿದ್ದೆ.

ಯಂತ್ರ ನಿಲ್ಲಿಸಿ, ಹಿರಿಯವರಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

“ಟೇಪು ಸುತ್ಬುಡಿ ಅಣ್ಣ,” ಎಂದರು. “ಬೆಳಗಾದ್ರೆ ಮೊಟ್ಟೆ ಒಡೀತವೆ. ಮೂವತ್ತು ಜನ ರೈತರು ಸೊಪ್ಪು ಬೆಳ್ಸಿ ಕಾಯ್ತಾ ಅವ್ರೆ. ಒಲೆ ಬ್ಯಾಡ ಅಂದ್ರೆ ಒಲೆನೂ ಕಿತ್ತು ಆಚ್ಗಾಕನ, ಅದೇನು.”

ಮೇಸ್ತ್ರಿಯೂ ಅಂದರು: “ಸಾರಮಿಲ್ಲ. ಸೀಲು ಹಾಕಿ ಬಿಗಿಯಾಗಿ ಟೇಪು ಸುತ್ತನ. ಎರಡು ಗಂಟೆ ಕೆಲಸ.”

ಅದು ಸುಳ್ಳು ದಾರಿಯೇನಲ್ಲ. ಟೇಪು ಸುತ್ತಿದ್ದರೆ ಅಂದು ಹೊಗೆ ನಿಲ್ಲುತ್ತಿತ್ತು. ಒಲೆಯನ್ನು ಹೊರಗೆ ಹಾಕಿದ್ದರೆ ಇನ್ನೂ ಒಳ್ಳೆಯದು. ನಾನು ಬಹುತೇಕ ಒಪ್ಪಿಬಿಟ್ಟಿದ್ದೆ. ಆಗ ಕಿರಿಯವರು ಮರದ ಬುಡದಿಂದ ಎದ್ದು ಬಂದು ನನ್ನನ್ನೇ ಕೇಳಿದರು:

“ಅಣ್ಣ, ಟೇಪು ಬುಟ್ಕಂಡ್ರೆ, ಒಳಗೆ ಕುಂತಿರೋಳ್ಗೆ ನಂಗೆ ಗೊತ್ತಾಯ್ತದ?”

ಅವರ ದನಿಯಲ್ಲಿ ಆರೋಪವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು. ಸೌದೆಯ ಹೊಗೆಯಾದರೆ ಗೊತ್ತಾಗುತ್ತದೆ ಎಂದು ಹೇಳಲು ಬಾಯಿ ತೆರೆದೆ. ಆದರೆ ಮಳೆಗಾಲದಲ್ಲಿ ಹೊರಗಿನ ಒಲೆ ಮತ್ತೆ ಚಾವಡಿಗೇ ಬರುತ್ತದೆ. ಒಂದು ದಿನ ಸೌದೆ ಹಸಿಯಿದೆಯೆಂದು ಇದ್ದಿಲು ಹಾಕುತ್ತಾರೆ. ಎರಡು ವರ್ಷಕ್ಕೆ ಟೇಪು ಬಿಸಿಲಿಗೆ ಸುಲಿಯುತ್ತದೆ. ಕೆಂಡ ಚೆಂದಾಗಿ ಕೆಂಪಗಿರುತ್ತದೆ, ಅದರ ವಿಷಗಾಳಿಗೆ ವಾಸನೆಯೇ ಇಲ್ಲ.

“ಗೊತ್ತಾಗಲ್ಲಮ್ಮ,” ಎಂದೆ.

ಹೆಂಡತಿ ನನ್ನ ಮುಖ ನೋಡುತ್ತಿದ್ದಳು. ಅರ್ಥಿಂಗಿನ ದಿನ ಅವಳು ಕೈಚೀಲ ಕೆಳಗಿಟ್ಟು ನಿಂತ ಹಾಗೇ ನಾನೂ ಸುತ್ತಿಗೆ ಕೆಳಗಿಟ್ಟೆ. ಆ ಡಕ್ಟನ್ನು ಪೂರ್ತಿ ಬಿಚ್ಚುತ್ತೇನೆ, ಪೂರ್ವದ ಗೋಡೆ ಒಡೆದು ಹೊರಗಿನಿಂದಲೇ ತರುತ್ತೇನೆ, ತಪ್ಪು ನನ್ನದು, ತಗಡೂ ನನ್ನದು, ಆದರೆ ನಾಳೆ ಸಂಜೆಯವರೆಗೆ ಯಂತ್ರ ಓಡುವುದಿಲ್ಲ ಎಂದು ಹೇಳಿದೆ. ಹಿರಿಯವರು ಕಿರಿಯವರ ಕೈ ಹಿಡಿದು, “ಮೊಟ್ಟೆಗೇನಾದ್ರೂ ದಾರಿ ನೋಡನ ಬುಡು,” ಎಂದರು.

ದಾರಿ ತೋರಿಸಿದವರು ರೇಷ್ಮೆ ಇಲಾಖೆಯ ಒಬ್ಬ ತಾಂತ್ರಿಕ ಅಧಿಕಾರಿ, ಫೋನಿನಲ್ಲಿ. ಒಡೆಯುವ ಹಿಂದಿನ ದಿನ ಮೊಟ್ಟೆಗಳು ನೀಲಿ ಬಣ್ಣಕ್ಕೆ ತಿರುಗುತ್ತವೆ. ಆ ಹಂತದಲ್ಲಿ ಐದು ಡಿಗ್ರಿಯ ತಂಪಿನಲ್ಲಿಟ್ಟರೆ ಒಂದೆರಡು ದಿನ ತಡೆದು ನಿಲ್ಲಿಸಬಹುದು. ತೀರ ಕೆಳಗಿಳಿದರೆ ಸಾಯುತ್ತವೆ, ಮೇಲೇರಿದರೆ ಅಲ್ಲೇ ಒಡೆಯುತ್ತವೆ. “ಮನೆಯ ಫ್ರಿಜ್ಜನ್ನು ನಂಬಬೇಡಿ, ಅದು ಎರಡರಿಂದ ಹತ್ತರವರೆಗೆ ಓಡಾಡುತ್ತೆ,” ಎಂದರು ಅವರು.

ಹಿರಿಯವರು ನನ್ನ ಕಡೆ ತಿರುಗಿದರು. “ಫ್ರಿಜ್ಜು ನಿಮ್ಮ ಕಸುಬಲ್ವಾ ಅಣ್ಣ?”

ಹೌದು, ಅದು ನನ್ನ ಕಸುಬು. ಅವರ ಮನೆಯ ಫ್ರಿಜ್ಜನ್ನು ಖಾಲಿ ಮಾಡಿಸಿದೆ. ಮೊಸರು, ಸೊಪ್ಪು, ಹೂವು, ದೋಸೆ ಹಿಟ್ಟು ಎಲ್ಲವೂ ಅಡುಗೆಮನೆಯ ನೆಲಕ್ಕೆ ಬಂದವು. ಕೆಳಗಿನ ಎರಡು ಅಂಕಣಗಳಿಗೆ ನೀರು ತುಂಬಿದ ಬಾಟಲಿಗಳನ್ನು ಒತ್ತಾಗಿ ಜೋಡಿಸಿದೆ; ಅಷ್ಟು ನೀರು ಒಳಗಿದ್ದರೆ ತಂಪು ಒಮ್ಮೆಲೇ ಏರಿಳಿಯುವುದಿಲ್ಲ. ಅದರ ಸ್ವಂತ ಥರ್ಮೋಸ್ಟಾಟನ್ನು ಬದಿಗಿಟ್ಟು, ನನ್ನ ಚೀಲದಲ್ಲಿದ್ದ ಡಿಜಿಟಲ್ ಕಂಟ್ರೋಲರನ್ನು ಹೆಂಡತಿ ಹೊರಗಿನಿಂದ ಜೋಡಿಸಿಕೊಟ್ಟಳು. ಎರಡು ಗಂಟೆ ಖಾಲಿ ಓಡಿಸಿ, ಅಂಕಿ ನಾಲ್ಕೂ ಮುಕ್ಕಾಲು ಮತ್ತು ಐದೂಕಾಲಿನ ನಡುವೆ ನಿಂತಿತು ಎಂದು ಖಾತ್ರಿಯಾದ ಮೇಲೆ ಕಿರಿಯವರು ಮೊಟ್ಟೆಯ ಹಾಳೆಗಳನ್ನು ತೆಳುವಾದ ಕಾಗದದಲ್ಲಿ ಸುತ್ತಿ, ತೂತಿನ ಪೆಟ್ಟಿಗೆಯಲ್ಲಿಟ್ಟು ತಂದರು. ಮಲಗಿದ ಕೂಸನ್ನು ತೊಟ್ಟಿಲಿಗೆ ಇಳಿಸುವವರ ಹಾಗೆ ಎರಡೂ ಕೈ ಕೆಳಗೆ ಕೊಟ್ಟು ಇಟ್ಟರು. ಬಾಗಿಲು ಮುಚ್ಚಿದ ಮೇಲೆ ಅದರ ಮುಂದೆಯೇ ಒಂದು ಮಣೆ ಹಾಕಿಕೊಂಡು ಕುಳಿತು, ಗಂಟೆಗೊಮ್ಮೆ ಅಂಕಿ ನೋಡಿ ನನಗೆ ಕೂಗಿ ಹೇಳುತ್ತಿದ್ದರು. “ಐದು, ಅಣ್ಣ.” “ಐದೇ ಅದೆ, ಅಣ್ಣ.”

ನಾವು ಗೋಡೆ ಒಡೆದೆವು. ಮೇಸ್ತ್ರಿ ಗುಂಡ್ಲುಪೇಟೆಗೆ ಹೋಗಿ ಹೊಸ ತಗಡಿನಲ್ಲಿ ಎರಡು ತಿರುವು ಕತ್ತರಿಸಿ, ಭಾನುವಾರ ಬೆಳಿಗ್ಗೆಯೇ ತಂದರು. ತಿರುವುಗಳ ಒಳಗೆ ಬಾಗಿದ ರೆಕ್ಕೆಗಳನ್ನು ಕೂರಿಸಿದ್ದರು, ಗಾಳಿ ಮುಗ್ಗರಿಸದೆ ಸಲೀಸಾಗಿ ತಿರುಗಲಿ ಎಂದು. ನಾನು ಕೇಳಿರಲಿಲ್ಲ. ಈ ಸಲ ಪ್ರತಿ ಜೋಡಣೆಗೂ ರಬ್ಬರು ಪಟ್ಟಿ, ಬೋಲ್ಟು, ಮೇಲೆ ಸೀಲು. ಡಕ್ಟು ಸಾಗಿದ ದಾರಿಯಲ್ಲಿ ಹೊಲದ ಗಾಳಿ ಬಿಟ್ಟರೆ ಬೇರೇನೂ ಇರಲಿಲ್ಲ. ತಿರುವಿನಿಂದ ಕುಗ್ಗುವ ಬಲಕ್ಕೆ ಡಕ್ಟನ್ನು ಎರಡಿಂಚು ಅಗಲ ಮಾಡಿದೆ. ಫ್ಯಾನನ್ನು ಒಂದು ಹಂತ ಏರಿಸಿದೆ. ಮೊದಲೇ ಇಷ್ಟು ಮಾಡಬಹುದಿತ್ತು. ಕೆಲಸ ಮಾಡುತ್ತಾ ಮಾಡುತ್ತಾ ಅದು ನನಗೆ ಹಲವು ಸಲ ಅನಿಸಿತು. ಹೆಂಡತಿ ಒಂದು ಸಲವೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮಧ್ಯಾಹ್ನ ಮುದ್ದೆಯ ತಟ್ಟೆ ಕೈಗೆ ಕೊಡುವಾಗ, ನನ್ನ ತೋಳಿಗೆ ತಗಡು ಗೀರಿದ ಕಡೆ ಅರಿಶಿನ ಒತ್ತಿ, “ಅವಸರ ಮಾಡ್ಬೇಡಿ, ಐದೇ ಅದಂತೆ,” ಎಂದಳು.

ಸಂಜೆ ನಾಲ್ಕೂವರೆಗೆ ಮತ್ತೆ ಊದಿನಕಡ್ಡಿ ಹಚ್ಚಿದೆವು. ಚಾವಡಿಯಲ್ಲಿ ಬೇಕೆಂದೇ ಒಲೆ ಉರಿಸಿದೆವು. ಹೊಗೆ ನೆಟ್ಟಗೆ ಮೇಲೆದ್ದು ಮಾಡಿನ ಸಂದಿಯಿಂದ ಹೋಯಿತು. ಡಕ್ಟಿನ ಉದ್ದಕ್ಕೂ ಕಡ್ಡಿಯ ಹೊಗೆ ಎಲ್ಲೂ ಬಾಗಲಿಲ್ಲ. ಕೋಣೆಯೊಳಗೆ, ಕೂತವರ ತಲೆಯ ಎತ್ತರಕ್ಕೆ, ವಾಸನೆಯಿಲ್ಲದ ವಿಷಗಾಳಿಯನ್ನು ಕಂಡರೆ ಕೂಗುವ ಪುಟ್ಟ ಅಲಾರಮ್ಮೊಂದನ್ನು ಹೆಂಡತಿ ಗೋಡೆಗೆ ಹಾಕಿ, ಗುಂಡಿ ಒತ್ತಿ ಕೂಗಿಸಿ ತೋರಿಸಿದಳು. ಕಿರಿಯವರು ತಾವೇ ಎರಡು ಸಲ ಒತ್ತಿ ನೋಡಿದರು. ಆಮೇಲೆ ನಮ್ಮನ್ನೆಲ್ಲ ಹೊರಗೆ ಕಳಿಸಿ, ಒಬ್ಬರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾವು ಹೊರಗೆ ನಿಂತೆವು. ಹಿರಿಯವರು ಬಾಗಿಲಿಗೆ ಒಂದು ಕೈ ಇಟ್ಟುಕೊಂಡೇ ಇದ್ದರು. ಹತ್ತು ನಿಮಿಷವಾಗಿರಬೇಕು. ಒಳಗಿನಿಂದ ನೆಲ ಗುಡಿಸುವ ಸದ್ದು ಕೇಳಿಸಿತು. ಹಿರಿಯವರು ಕೈ ತೆಗೆದು ಕಣ್ಣೊರೆಸಿಕೊಂಡರು.

ಮೊಟ್ಟೆಗಳನ್ನು ನೇರವಾಗಿ ಬಿಸಿಗೆ ತರುವಂತಿರಲಿಲ್ಲ. ಕೆಲವು ಗಂಟೆ ತಂಪು ಕೋಣೆಯಲ್ಲಿಟ್ಟು, ಆಮೇಲೆ ಚಾಕಿ ಕೋಣೆಗೆ ಒಯ್ದು ಕಪ್ಪು ಕಾಗದ ಮುಚ್ಚಿದರು. ಮಂಗಳವಾರ ಬೆಳಿಗ್ಗೆ ಕಾಗದ ತೆಗೆದು ದೀಪ ಹಾಕಿದಾಗ ನಮ್ಮನ್ನೂ ಕರೆದಿದ್ದರು. ಮಿಂದು, ಒಗೆದ ಬಟ್ಟೆ ತೊಟ್ಟು, ಸುಣ್ಣದ ಪುಡಿಯ ಮೇಲೆ ಕಾಲಿಟ್ಟು ಒಳಗೆ ಹೋದೆವು. ಹಾಳೆಯ ಮೇಲೆ ನನಗೆ ಕಂಡದ್ದು ಇದ್ದಿಲ ಪುಡಿ ಉದುರಿದ ಹಾಗೆ ಕಪ್ಪು ಕಪ್ಪು ಚುಕ್ಕೆ. ಬಗ್ಗಿ ನೋಡಿದರೆ ಆ ಪುಡಿ ಹರಿದಾಡುತ್ತಿತ್ತು. ಕಿರಿಯವರು ಎಳೆ ಸೊಪ್ಪನ್ನು ಸಾಸಿವೆಗಿಂತ ತುಸು ದೊಡ್ಡದಾಗಿ ಹೆಚ್ಚಿ ಮೇಲೆ ಉದುರಿಸಿದರು. ಪುಡಿಯೆಲ್ಲ ಸೊಪ್ಪಿನ ಕಡೆಗೆ ತಿರುಗಿತು.

“ನೂರಕ್ಕೆ ತೊಂಬತ್ತು ಒಡ್ದವೆ,” ಎಂದು ಹಿರಿಯವರು ಪಿಸುಮಾತಿನಲ್ಲಿ ಹೇಳಿದರು. ಹೆಂಡತಿ ತೂತಿನ ಡಕ್ಟಿನ ಕೆಳಗೆ ಅಂಗೈ ಹಿಡಿದು, ಗಾಳಿ ತಾಗುತ್ತಿಲ್ಲವೆಂದು ಖುಷಿಯಿಂದ ನನಗೆ ಕಣ್ಣಿನಲ್ಲೇ ತೋರಿಸಿದಳು.

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಆದರೂ ದಿನಾ ಬೆಳಿಗ್ಗೆ ಫೋನು ಮಾಡದಿದ್ದರೆ ನನಗೆ ಚಹಾ ಇಳಿಯುತ್ತಿರಲಿಲ್ಲ. ಕಿರಿಯವರೇ ಎತ್ತಿ ಅಂಕಿ ಹೇಳುತ್ತಿದ್ದರು. ಇಪ್ಪತ್ತೇಳೂವರೆ. ಇಪ್ಪತ್ತೆಂಟು. ಶುಕ್ರವಾರ ಮಾಡಿದಾಗ ಅವರ ದನಿ ತೀರ ತಗ್ಗಿತ್ತು.

“ಆಮ್ಯಾಕೆ ಮಾಡ್ತೀನಣ್ಣ. ಎಲ್ಲಾವೂ ಜ್ವರಕ್ಕೆ ಕುಂತ್ಬುಟ್ಟವೆ,” ಎಂದು ಇಟ್ಟುಬಿಟ್ಟರು.

ತಂಪಿನಲ್ಲಿಟ್ಟದ್ದು ಹೆಚ್ಚಾಯಿತೋ, ಕಂಟ್ರೋಲರು ಕೈಕೊಟ್ಟು ಕೋಣೆ ಕಾದುಹೋಯಿತೋ, ಹೊಸ ತಗಡಿನದೇನಾದರೂ ಇಳಿಯಿತೋ ಎಂದು ಒಂದೊಂದೇ ಯೋಚನೆ. ಹೆಂಡತಿ ಬೇರೆ ಕಡೆ ಕೆಲಸದಲ್ಲಿದ್ದಳು, ಅವಳಿಗೂ ಹೇಳದೆ ಚೀಲ ಹೆಗಲಿಗೆ ಹಾಕಿಕೊಂಡು ಬೈಕು ಓಡಿಸಿದೆ. ಅರ್ಧ ಗಂಟೆಯ ದಾರಿಯನ್ನು ಹೇಗೆ ಮುಗಿಸಿದೆನೋ ನೆನಪಿಲ್ಲ. ಅಂಗಳಕ್ಕೆ ಬಂದವನು ಏದುಸಿರು ಬಿಡುತ್ತಾ ಮೊದಲು ಮೀಟರು, ಆಮೇಲೆ ಡಕ್ಟು ನೋಡಿದೆ. ಎಲ್ಲವೂ ಸರಿಯಿತ್ತು. ಹಿರಿಯವರು ಕಣಕ್ಕೆ ನೀರು ಚಿಮುಕಿಸುತ್ತಿದ್ದವರು ನನ್ನ ಮುಖ ನೋಡಿ ಗಾಬರಿಯಾದರು.

“ಜ್ವರ ಬಂದಿದೆ ಅಂದರಲ್ಲ,” ಎಂದೆ.

ಅವರು ನಗಲಿಲ್ಲ. ನಗು ತಡೆದುಕೊಳ್ಳುವುದಕ್ಕೆ ಅವರು ಪಟ್ಟ ಪಾಡು ಮಾತ್ರ ಕಂಡಿತು. “ಮೈಗೆ ನೀರುಯ್ಕಂಡು ಬನ್ನಿ, ತೋರುಸ್ತೀನಿ,” ಎಂದು, ಮಿಂದು ಬಂದ ಮೇಲೆ ಕರೆದುಕೊಂಡು ಹೋದರು.

ಒಳಗೆ ಕಿರಿಯವರು ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದರು. ತಟ್ಟೆಗಳಲ್ಲಿ ಸೊಪ್ಪಿರಲಿಲ್ಲ. ಹುಳುಗಳು ನಾಲ್ಕೇ ದಿನದಲ್ಲಿ ಕಪ್ಪು ಹೋಗಿ ಬೂದು ಬಣ್ಣಕ್ಕೆ ತಿರುಗಿದ್ದವು. ಒಂದೂ ಅಲುಗಾಡುತ್ತಿರಲಿಲ್ಲ. ಎಲ್ಲವೂ ತಲೆಯೆತ್ತಿ, ಏನನ್ನೋ ಕೇಳಿಸಿಕೊಳ್ಳುತ್ತಿರುವಂತೆ ಸ್ತಬ್ಧವಾಗಿದ್ದವು.

“ಜ್ವರ ಅಂದ್ರೆ ಕಾಯ್ಲೆ ಅಲ್ಲ ಕಣಣ್ಣ,” ಎಂದರು ಕಿರಿಯವರು ನನ್ನ ಕಿವಿಯ ಬಳಿ. “ಒಂದು ದಿನ ಊಟ ಬುಟ್ಟು ಇಂಗೇ ಮಲಗ್ತವೆ. ಅಳೇ ಚರ್ಮ ಚಿಕ್ಕದಾಗಿರ್ತದಲ್ಲ, ಅದ ಬುಟ್ಟು ಏಳ್ತವೆ. ಇಂಗೆ ಒಂದೇ ಸಲಕ್ಕೆ ಎಲ್ಲಾವೂ ಕುಂತ್ರೆ ಬಿಸಿ ಸರ್ಯಾಗಿ ಸಿಕ್ಕದೆ ಅಂತ.”

ರೇಷ್ಮೆ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಇಷ್ಟು ಗೊತ್ತಿರಲಿಲ್ಲ. ಚೀಲದೊಳಗಿನ ಸ್ಪ್ಯಾನರುಗಳು ಸದ್ದು ಮಾಡದಂತೆ ಅದನ್ನು ಎದೆಗವಚಿಕೊಂಡು ಸ್ವಲ್ಪ ಹೊತ್ತು ನಿಂತು ನೋಡಿದೆ. ಆಮೇಲೆ ಹಿಮ್ಮೆಟ್ಟಿ ಹೊರಗೆ ಬಂದೆ.

ತಿರುಗಿ ಬರುವಾಗ ಗುಂಡ್ಲುಪೇಟೆ ರಸ್ತೆ ಸಿಗುವ ಕಡೆ ಬೈಕು ನಿಲ್ಲಿಸಿ ಹೆಂಡತಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ಜೋರಾಗಿ ನಕ್ಕಳು. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆನಲ್ಲ ಎಂದಳು. ಅವಳ ತವರಿನಲ್ಲಿ ಹುಳು ಮೇಯಿಸುತ್ತಿದ್ದರು.

“ಈಗೇನು ಮಾಡ್ತಾ ಅವೆ?” ಎಂದು ಕೇಳಿದಳು.

“ಮಲಗಿವೆ,” ಎಂದೆ.

“ನೀವೆಲ್ಲಿದ್ದೀರಿ?”

“ಮೇನ್ ರೋಡಿನಲ್ಲಿ.”

“ಮತ್ತೆ ಯಾಕೆ ಪಿಸುಗುಡ್ತಿದ್ದೀರಿ?” ಎಂದಳು.